ಯಾವ ಸ್ಕ್ರೂ? ‘ದಿ’ ಜೊತೆ ನನ್ನ ಗುದ್ದಾಟ

ಒಂದು ಯಂತ್ರದ ಮುಚ್ಚಳ. ಅದಕ್ಕೆ ನಾಲ್ಕು ಸ್ಕ್ರೂ. ಮುಚ್ಚಳ ತೆಗೆಯುವುದು ಹೇಗೆ ಅಂತ ಕನ್ನಡದಲ್ಲಿದ್ದ ಸೂಚನೆಯನ್ನು ನಾನು ಇಂಗ್ಲಿಷಿಗೆ ತರಬೇಕಿತ್ತು. ‘ರಿಮೂವ್ ದಿ ಸ್ಕ್ರೂ’ ಅಂತ ಬರೆದು ಕಳಿಸಿದೆ. ತಿದ್ದುವವರು ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದು ವಾಪಸ್ ಮಾಡಿದರು: ಯಾವ ಸ್ಕ್ರೂ?

ಕನ್ನಡದಲ್ಲಿ ‘ಸ್ಕ್ರೂ ಬಿಚ್ಚಿ’ ಅಂದರೆ ಸಾಕು. ನಾಲ್ಕಿದ್ದರೆ ನಾಲ್ಕೂ ಬಿಚ್ಚುತ್ತಾರೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ದಿ ಸ್ಕ್ರೂ’ ಅಂದರೆ ಇರುವುದು ಒಂದೇ, ಅದನ್ನೇ ಬಿಚ್ಚಿ. ‘ಎ ಸ್ಕ್ರೂ’ ಅಂದರೆ ಯಾವುದಾದರೂ ಒಂದು. ‘ದಿ ಸ್ಕ್ರೂಸ್’ ಅಂದರೆ ಇರುವಷ್ಟೂ. ಆ ಪುಟ್ಟ ಪದದಲ್ಲಿ ಇಷ್ಟೆಲ್ಲ ಇದೆ ಅಂತ ಆವತ್ತಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಶಾಲೆಯಲ್ಲಿ ಕಲಿತ ನಿಯಮ ನೆನಪಿತ್ತು. ಮೊದಲ ಸಲ ಹೇಳುವಾಗ ‘ಎ’, ಎರಡನೇ ಸಲ ‘ದಿ’. ತಪ್ಪೇನಲ್ಲ, ಆದರೆ ಬೇಗ ಕೈ ಕೊಡುತ್ತದೆ. ‘ಒಂದು ಸೈಕಲ್ ಕೊಂಡೆ, ಬೆಲ್ ಸರಿಯಿಲ್ಲ’ ಅನ್ನಿ. ಬೆಲ್ ಮಾತಿಗೆ ಬಂದದ್ದು ಇದೇ ಮೊದಲು. ಆದರೂ ಅದು ‘ದಿ ಬೆಲ್’. ಸೈಕಲ್ ಅಂದ ಮೇಲೆ ಬೆಲ್ ಅದರದ್ದೇ ಅಂತ ಕೇಳುವವರಿಗೆ ಗೊತ್ತು. ಅಂದರೆ ಲೆಕ್ಕ ಎಷ್ಟನೇ ಸಲ ಅನ್ನುವುದಲ್ಲ, ಎದುರಿಗಿರುವವರಿಗೆ ಗೊತ್ತಾಗುತ್ತದಾ ಅನ್ನುವುದು.

ಅದಕ್ಕೇ ತಿದ್ದುವವರ ಪ್ರಶ್ನೆಯನ್ನು ನಾನೇ ಇಟ್ಟುಕೊಂಡೆ. ಪ್ರತಿ ನಾಮಪದದ ಹತ್ತಿರ ನಿಂತು, ಓದುವವರು ಇಲ್ಲಿ ‘ಯಾವುದು?’ ಅಂತ ಕೇಳುತ್ತಾರಾ ಅಂತ ನೋಡುವುದು. ಕೇಳುವಂತಿದ್ದರೆ ‘ದಿ’ ಬೇಡ. ಕೇಳಲು ಜಾಗವೇ ಇಲ್ಲದಿದ್ದರೆ ‘ದಿ’. ಸೂರ್ಯ, ಚಂದ್ರರಿಗೆ ಅದು ಯಾಕೆ ಬರುತ್ತದೆ ಅಂತ ಆಗ ತಾನಾಗಿಯೇ ತಿಳಿಯಿತು.

ಇದಕ್ಕಿಂತ ಖುಷಿ ಕೊಟ್ಟ ಸಂಗತಿ ನಮ್ಮ ಭಾಷೆಯಲ್ಲೇ ಸಿಕ್ಕಿತು. ಕನ್ನಡದಲ್ಲಿ ಆರ್ಟಿಕಲ್, ಅಂದರೆ ‘ಎ’, ‘ದಿ’ ತರಹದ ಪದ, ಇಲ್ಲ ಅನ್ನುತ್ತೇವೆ, ನಿಜ. ಆದರೆ ಅದರ ಕೆಲಸ ನಡೆಯುತ್ತಲೇ ಇದೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ನಾವು ಹುಡುಕುತ್ತಿದ್ದ ಪುಸ್ತಕ. ಮೊದಲನೆಯದಕ್ಕೆ ‘ಎ’, ಎರಡನೆಯದಕ್ಕೆ ‘ದಿ’. ಪದ ಹಿಂದೆ ಮುಂದೆ ಆಯಿತು, ಅಷ್ಟೇ. ‘ಅನ್ನು’ ಅನ್ನುವ ವಿಭಕ್ತಿ ಪ್ರತ್ಯಯ ಕೂಡ ಹೀಗೇ. ‘ರಾತ್ರಿ ಪುಸ್ತಕ ಓದಿದೆ’ ಅಂದರೆ ಏನೋ ಓದುತ್ತಾ ಕೂತಿದ್ದೆ ಅಂತ. ‘ರಾತ್ರಿ ಪುಸ್ತಕವನ್ನು ಓದಿದೆ’ ಅಂದಾಗ ಕೇಳುವವರಿಗೂ ಗೊತ್ತಿರುವ ಒಂದು ಪುಸ್ತಕ ಕಣ್ಣಮುಂದೆ ಬರುತ್ತದೆ. ಬರವಣಿಗೆಯಲ್ಲಿ ‘ಅನ್ನು’ ಸುಮ್ನೆ ಅಭ್ಯಾಸಬಲದಿಂದಲೂ ಬರುತ್ತದೆ, ಹಾಗಾಗಿ ಅದನ್ನೇ ಪೂರ್ತಿ ನಂಬುವಂತಿಲ್ಲ. ನಾನಂತೂ ವಾಕ್ಯವನ್ನು ಒಮ್ಮೆ ಮಾತಿನ ಧಾಟಿಯಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷಿಗೆ ತರುತ್ತೇನೆ.

‘ದಿ’ ಹುಟ್ಟಿದ್ದು ನಮ್ಮ ‘ಆ’ದಂಥ ಪದದಿಂದಲೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಲಿಂಗ, ವಚನ, ವಿಭಕ್ತಿ ಎಲ್ಲವೂ ಇದ್ದವು. ಪುಲ್ಲಿಂಗಕ್ಕೆ ‘ಸೆ’, ಸ್ತ್ರೀಲಿಂಗಕ್ಕೆ ‘ಸೇಓ’, ನಪುಂಸಕಕ್ಕೆ ‘ಥ್ಯಾಟ್’. ಕಾಲ ಕಳೆದಂತೆ ಇವೆಲ್ಲ ಸವೆದು ಒಂದೇ ‘ದಿ’ ಉಳಿಯಿತು. ಆ ನಪುಂಸಕ ರೂಪವೇ ಇವತ್ತಿನ ‘ದ್ಯಾಟ್’. ಲ್ಯಾಟಿನ್‌ನಲ್ಲೂ ಆರ್ಟಿಕಲ್ ಇರಲಿಲ್ಲ. ಅಲ್ಲಿ ‘ಆ’ ಅನ್ನುವ ಅರ್ಥದ ‘ಇಲ್ಲೆ’ ಸವೆದು ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳ ಆರ್ಟಿಕಲ್ ಆಯಿತು. ಹಳೆ ಕಾಲದ ಅಂಗಡಿ ಅಂತ ತೋರಿಸಲು ಬೋರ್ಡಿನ ಮೇಲೆ ‘ಯೀ ಓಲ್ಡ್’ ಅಂತ ಹಾಕುತ್ತಾರಲ್ಲ, ಅದೂ ‘ದಿ’ಯೇ! ‘ದಿ’ಯ ಮೊದಲ ಧ್ವನಿಗೆ ಆಗ ‘ಥಾರ್ನ್’ ಅನ್ನುವ ಬೇರೆ ಅಕ್ಷರ ಇತ್ತು. ಕೈಬರಹದಲ್ಲಿ ಅದು ‘ವೈ’ ತರಹ ಕಾಣುತ್ತಿತ್ತು. ಮುದ್ರಕರು ‘ವೈ’ ಅಚ್ಚುಮೊಳೆಯನ್ನೇ ಜೋಡಿಸಿಬಿಟ್ಟರು.

ಆದರೆ ‘ದಿ’ ಕಂಡಲ್ಲೆಲ್ಲ ‘ಆ’ ಹಾಕಿದರೆ ಕನ್ನಡ ಕೆಡುತ್ತದೆ. ‘ಆ ಸೂರ್ಯ ಹುಟ್ಟಿದ’ ಅಂದರೆ ಇನ್ನೊಬ್ಬ ಸೂರ್ಯ ಎಲ್ಲಿ ಅಂತ ಕೇಳಬೇಕಾಗುತ್ತದೆ.

ನಿಜವಾಗಿ ಕೈ ಕುದುರಿದ್ದು ಒಂದು ಆಟದಿಂದ. ಇಂಗ್ಲಿಷ್ ಬರಹದ ಒಂದು ಪುಟ ತೆಗೆದುಕೊಂಡು ‘ಎ’, ‘ದಿ’ ಎಲ್ಲ ಅಳಿಸುತ್ತಿದ್ದೆ. ಮಾರನೇ ದಿನ ತುಂಬಿಸಿ, ಮೂಲದ ಜೊತೆ ಹೋಲಿಸುತ್ತಿದ್ದೆ. ಪುಟದ ತುಂಬ ತೂತು! ಆಗಲೇಬೇಕಲ್ಲ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಪದವೇ ‘ದಿ’. ಬ್ರೌನ್ ಕಾರ್ಪಸ್ ಅನ್ನುವ, ಸುಮಾರು 10 ಲಕ್ಷ ಪದಗಳ ಇಂಗ್ಲಿಷ್ ಬರಹಗಳ ಸಂಗ್ರಹದಲ್ಲಿ 100ಕ್ಕೆ ಹೆಚ್ಚೂಕಮ್ಮಿ 7 ಪದ ಅದೇ. ತಪ್ಪಿದ ಕಡೆ ಯಾಕೆ ತಪ್ಪಿತು ಅಂತ ಅಂಚಿನಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೆ. ಹಾಕಬೇಕಾದ ಕಡೆ ಬಿಟ್ಟದ್ದಕ್ಕಿಂತ ಬೇಡದ ಕಡೆ ತುರುಕಿದ್ದೇ ಜಾಸ್ತಿ ಇರುತ್ತಿತ್ತು.

ಹೆಸರುಗಳ ವಿಷಯದಲ್ಲಿ ಮಾತ್ರ ‘ಯಾವುದು?’ ಕೆಲಸಕ್ಕೆ ಬಾರದು, ಬಾಯಿಪಾಠವೇ ಗತಿ. ನೈಲ್ ನದಿಗೆ ‘ದಿ’ ಬೇಕು, ಹಿಮಾಲಯಕ್ಕೆ ಬೇಕು, ಎವರೆಸ್ಟಿಗೆ ಬೇಡ. ನೆದರ್ಲೆಂಡ್ಸ್‌ಗೆ ಇದೆ. ಉಕ್ರೇನಿಗೆ ಹಿಂದೆ ಹಾಕುತ್ತಿದ್ದರು, 1991ರಲ್ಲಿ ಅದು ಸ್ವತಂತ್ರವಾದ ಮೇಲೆ ಬಿಡುತ್ತಾ ಬಂದರು.

ಈಗಲೂ ಎಡವುತ್ತೇನೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಇನ್ ಫ್ಯೂಚರ್’ ಅಂದರೆ ‘ಇನ್ನು ಮೇಲೆ’, ‘ಇನ್ ದಿ ಫ್ಯೂಚರ್’ ಅಂದರೆ ‘ಮುಂದೆ ಯಾವಾಗಲೋ’. ಮೊನ್ನೆ ಒಂದು ತಪ್ಪಿಗೆ ಕ್ಷಮೆ ಕೇಳುತ್ತಾ, ಇನ್ನು ಮೇಲೆ ಹುಷಾರಾಗಿರುತ್ತೇನೆ ಅಂತ ಬರೆಯಲು ಹೋದೆ. ಮಧ್ಯೆ ‘ದಿ’ ನುಸುಳಿಬಿಟ್ಟಿತ್ತು. ಅದೇ ತಿದ್ದುವವರು ಕೇಳಿದರು: ಯಾವಾಗಿನಿಂದ?