ತೋಟದ ಸಲಹೆಪತ್ರವನ್ನು ಕನ್ನಡಕ್ಕೆ ತರುವಾಗ ಅನುವಾದ ಸಿದ್ಧಾಂತವನ್ನು ಬಳಸುವುದು ಹೇಗೆ?

ಕೊಡಗಿನ ಕಾಫಿ, ಕಾಳುಮೆಣಸು ಬೆಳೆಗಾರರಿಗೆಂದು ಇಂಗ್ಲಿಷಿನಿಂದ ಸಲಹೆಪತ್ರ ಅನುವಾದಿಸುವವರು ಪದಕ್ಕಿಂತ ಹೆಚ್ಚಾಗಿ ವಾಕ್ಯದಲ್ಲಿ ಎಡವುತ್ತಾರೆ. ಸಿದ್ಧಾಂತ ನೆರವಿಗೆ ಬರುವುದೂ ಅಲ್ಲೇ.

1958ರಲ್ಲಿ ಭಾಷಾವಿದ್ವಾಂಸರಾದ ವಿನೆ ಮತ್ತು ದಾರ್ಬೆಲ್ನೆ ಫ್ರೆಂಚ್, ಇಂಗ್ಲಿಷ್‌ಗಳನ್ನು ಹೋಲಿಸಿ ಏಳು ತಂತ್ರ ಗುರುತಿಸಿದರು: ಎರವಲು, ಪಡಿಯಚ್ಚು (ಪದದ ಭಾಗಗಳನ್ನು ಒಂದೊಂದಾಗಿ ಅನುವಾದಿಸುವುದು), ಪದಶಃ ಅನುವಾದ, ವ್ಯಾಕರಣ ಪಲ್ಲಟ (ನಾಮಪದವನ್ನು ಕ್ರಿಯಾಪದವಾಗಿಸುವಂತೆ ಪದದ ವರ್ಗ ಬದಲಿಸುವುದು), ದೃಷ್ಟಿಪಲ್ಲಟ (ಅದೇ ಮಾತನ್ನು ಬೇರೆ ಕೋನದಿಂದ ಹೇಳುವುದು), ಸಮಾನೋಕ್ತಿ, ರೂಪಾಂತರ. 2002ರಲ್ಲಿ ಮೊಲಿನಾ ಮತ್ತು ಹುರ್ತಾದೊ ಆಲ್ಬಿರ್ 18 ತಂತ್ರಗಳ ಪಟ್ಟಿ ಕೊಟ್ಟರು. ಯಾವುದನ್ನೂ ಬಾಯಿಪಾಠ ಮಾಡಬೇಕಿಲ್ಲ. ಸಲಹೆಪತ್ರಕ್ಕೆ ಎರವಲು, ಪಡಿಯಚ್ಚು, ಎರಡು ಪಲ್ಲಟ, ಇಷ್ಟು ಗೊತ್ತಿದ್ದರೆ ಬಹುಪಾಲು ಕೆಲಸ ನಡೆಯುತ್ತದೆ.

1. ಪಟ್ಟಿ ಮುಚ್ಚಿಟ್ಟು ಮೊದಲ ಕರಡು ಬರೆಯಿರಿ.

2. ಪದಗಳನ್ನು ತೋಟದ ಮಾತಿನಿಂದ ಆರಿಸಿ. ಕಾಫಿ ಗಿಡದ ಕೀಟದ ಹೆಸರಾದ ‘ಬಿಳಿ ಕಾಂಡಕೊರಕ’ ಪಡಿಯಚ್ಚಾದರೂ ರೂಢಿಗೆ ಬಂದಿದೆ, ಇರಲಿ. ‘ಪಾರ್ಚ್‌ಮೆಂಟ್’ (ಒಳಸಿಪ್ಪೆಯೊಂದಿಗೆ ಒಣಗಿಸಿದ ಕಾಫಿ ಬೀಜ) ಎರವಲಾಗಿಯೇ ಉಳಿಯಲಿ. ಮೊಬೈಲ್ ಅನುವಾದವನ್ನು ನಂಬಿದರೆ ಸುಣ್ಣ ನಿಂಬೆಯಾಗಿಬಿಡಬಹುದು; ಇಂಗ್ಲಿಷಿನಲ್ಲಿ ಎರಡೂ ‘ಲೈಮ್’.

3. ತೊಡಕಿನ ಘಟ್ಟ ಇದು. ಕರಡಿನ ಪ್ರತಿ ವಾಕ್ಯದ ಅಂಚಿನಲ್ಲಿ ಬಳಸಿದ ತಂತ್ರದ ಹೆಸರು ಬರೆಯಿರಿ. ಸಾಲುಸಾಲಾಗಿ ‘ಪದಶಃ’ ಎಂದೇ ಬಂದರೆ ಅಲ್ಲಿ ನಿಲ್ಲಿ. ಶಿಲೀಂಧ್ರರೋಗ ತಡೆಯಲು ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣವನ್ನೇ ನೋಡಿ: 50 ಲೀಟರ್ ನೀರಿನಲ್ಲಿ 1 ಕೆ.ಜಿ. ಮೈಲುತುತ್ತ, ಇನ್ನೊಂದು 50 ಲೀಟರ್‌ನಲ್ಲಿ 1 ಕೆ.ಜಿ. ಸುಣ್ಣ. ‘ಮೈಲುತುತ್ತದ ದ್ರಾವಣವು ಸುಣ್ಣದ ದ್ರಾವಣಕ್ಕೆ ಸುರಿಯಲ್ಪಡಬೇಕು’ ಎಂದರೆ ಯಾರು ಏನು ಮಾಡಬೇಕೆಂಬುದು ಮಸುಕಾಗುತ್ತದೆ. ದೃಷ್ಟಿಪಲ್ಲಟ ಮಾಡಿ, ಕರ್ಮಣಿಯನ್ನು ಕರ್ತರಿಯಾಗಿಸಿ: ‘ಸುಣ್ಣದ ನೀರನ್ನು ಕಲಕುತ್ತಿರಿ, ಅದಕ್ಕೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ.’

ಮುಂದಿನದು ಚಾಕುವಿನ ಪರೀಕ್ಷೆ. ದ್ರಾವಣದಲ್ಲಿ ಅದ್ದಿದ ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ಬಿಡಿ ತಾಮ್ರ ಉಳಿದಿದೆ, ಎಲೆ ಸುಡುತ್ತದೆ. ಇಂಗ್ಲಿಷಿನ ಎರಡು ನಿಷೇಧಗಳನ್ನು ಹಾಗೇ ಇಳಿಸಿದರೆ ‘ಲೇಪ ಇಲ್ಲವಾಗದ ಹೊರತು ಸಿಂಪಡಿಸಬೇಡಿ’ ಎಂದಾಗುತ್ತದೆ. ಅವಸರದಲ್ಲಿ ಓದುವವರಿಗೆ ಇದು ತಿರುವುಮುರುವಾಗಿ ಕೇಳಿಸುತ್ತದೆ. ನಿಷೇಧವನ್ನು ವಿಧಿಯಾಗಿ ತಿರುಗಿಸುವುದೂ ದೃಷ್ಟಿಪಲ್ಲಟವೇ: ‘ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಲೇಪ ಕಾಣದಂತಾದ ಮೇಲೆಯೇ ಸಿಂಪಡಿಸಿ.’ ಇಂಥಲ್ಲಿ ಒಂದು ವಾಕ್ಯವನ್ನು ಎರಡಾಗಿ ಒಡೆಯಲು ಹಿಂಜರಿಯಲೇಬೇಡಿ.

ತಂತ್ರದ ಹೆಸರು ಗೊತ್ತಿದ್ದರೆ ಇನ್ನೊಂದು ಲಾಭ: ‘ಮೂಲದಲ್ಲಿ ಹೀಗಿಲ್ಲವಲ್ಲ’ ಎನ್ನುವ ಅಧಿಕಾರಿಗೆ ಏನು ಬದಲಾಯಿತು, ಏನು ಬದಲಾಗಿಲ್ಲ ಎಂದು ತೋರಿಸಿಕೊಡಬಹುದು.

4. ಅಳತೆ ನೋಡಿ. ಇಲ್ಲಿ ಲೆಕ್ಕ ಎಕರೆಯಲ್ಲಿ. ಹೆಕ್ಟೇರ್ ಪದವನ್ನಷ್ಟೇ ಬದಲಿಸಿ ಪ್ರಮಾಣವನ್ನು 2.47ರಿಂದ ಭಾಗಿಸದಿದ್ದರೆ ಗೊಬ್ಬರ ಎರಡೂವರೆ ಪಟ್ಟು ಬೀಳುತ್ತದೆ.

5. ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯ ಕೈಗೆ ಕೊಟ್ಟು ಓದಿಸಿ, ಹಾಳೆ ಮುಚ್ಚಿ, ಕ್ರಮವನ್ನು ಅವರ ಮಾತಿನಲ್ಲೇ ಹೇಳಿಸಿ. ಯಾವುದಕ್ಕೆ ಯಾವುದನ್ನು ಸುರಿಯಬೇಕೆಂಬಲ್ಲಿ ಅವರು ತಡವರಿಸಿದರೆ ಮೂರನೇ ಹಂತಕ್ಕೆ ಮರಳಿ ಆ ವಾಕ್ಯವನ್ನು ಮತ್ತೆ ಬರೆಯಿರಿ.