ಊತವಿದ್ದಾಗಲೇ ಹಾಲುಹಲ್ಲು ಕಿತ್ತ ನನ್ನ ಅನುಭವ

ಕೆನ್ನೆ ಊದಿದ ಮಗುವಿನ ಹುಳುಕು ಹಲ್ಲನ್ನು ಊತ ಇಳಿಯುವವರೆಗೆ ಮುಟ್ಟಬಾರದೆಂಬ ಮಾತನ್ನು ಚಿಕ್ಕಮಗಳೂರಿನಲ್ಲಿ ಕ್ಲಿನಿಕ್ ತೆರೆದ ಹೊಸದರಲ್ಲಿ ನಾನೂ ನಂಬಿದ್ದೆ. ಅದರ ಬೆಲೆ ತೆತ್ತವಳು ಮೂಡಿಗೆರೆ ಕಡೆಯ ಕಾಫಿತೋಟದ ಲೈನ್‌ಮನೆಯ 4 ವರ್ಷದ ಹುಡುಗಿ. ಕೆಳದವಡೆಯ ಹಾಲುಹಲ್ಲಿನ ಕೀವಿಗೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬರೆದು, 5 ದಿನ ಬಿಟ್ಟು ಕರೆತನ್ನಿ ಎಂದು ಕಳುಹಿಸಿದ್ದೆ. ಮೂರನೇ ದಿನ ಬಂದಾಗ ಊತ ದವಡೆಯಂಚು ದಾಟಿ ಕುತ್ತಿಗೆಗೆ ಇಳಿದಿತ್ತು, ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ನುಂಗಲಾಗದ ಜೊಲ್ಲಿಗೆ ಅಂಗಿಯ ಎದೆಭಾಗವೆಲ್ಲ ನೆನೆದಿತ್ತು. ಮಗು ಉಳಿಯಿತು, ಆದರೆ ಆಸ್ಪತ್ರೆಯಲ್ಲಿ 8 ದಿನ, ಸುಮಾರು 25 ಸಾವಿರ ರೂಪಾಯಿ, ತಂದೆತಾಯಿ ಇಬ್ಬರ ಕೂಲಿ ಹೋದವು.

ಅಂದಿನಿಂದ, ಬಾಯಿ ತೆರೆಯುವ, ಉಸಿರಾಟವೂ ನುಂಗುವುದೂ ಸರಿಯಿರುವ ಮಗುವಾದರೆ ಬಂದ ದಿನವೇ ಹಲ್ಲು ಕಿತ್ತು ಕೀವಿಗೆ ದಾರಿ ಮಾಡುತ್ತೇನೆ. ಆ್ಯಂಟಿಬಯೋಟಿಕ್ ಅದರ ಜೊತೆಗೇ ಹೊರತು ಅದರ ಬದಲಿಗಲ್ಲ. ನಾಲಿಗೆ ಮೇಲೆದ್ದಿದ್ದರೆ, ಕಣ್ಣು ಮುಚ್ಚುವಷ್ಟು ಊತವಿದ್ದರೆ, ಮಗು ಜ್ವರದಲ್ಲಿ ಸೊರಗಿದ್ದರೆ ಕುರ್ಚಿಗೆ ಹತ್ತಿಸದೆ ಅರಿವಳಿಕೆ ತಜ್ಞರಿರುವ ಕಡೆಗೆ ಕಳುಹಿಸಿ, ಅಲ್ಲಿಯೂ ಹಲ್ಲು ತೆಗೆಯಲು ತಡಮಾಡಬೇಡಿರೆಂದು ಫೋನಿನಲ್ಲಿ ಕೇಳಿಕೊಳ್ಳುತ್ತೇನೆ. ಊತದಲ್ಲಿ ಕಿತ್ತರೆ ಸೋಂಕು ಹರಡುತ್ತದೆಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಗದರಿದ್ದರು.

ಮೊದಲ ಮೂರು ಮಕ್ಕಳಲ್ಲಿ ಸೋತದ್ದು ಅರಿವಳಿಕೆಯಲ್ಲಿ. ಕೀವು ತುಂಬಿದ ಆಮ್ಲೀಯ ಜಾಗದಲ್ಲಿ ಇನ್ಫಿಲ್ಟ್ರೇಷನ್, ಅಂದರೆ ಹಲ್ಲಿನ ಪಕ್ಕದಲ್ಲೇ ಚುಚ್ಚುವ ಅರಿವಳಿಕೆ, ಹಿಡಿಯಲಿಲ್ಲ. ಆ ಮಕ್ಕಳ ಕಿರುಚಾಟ ಈಗಲೂ ಕಿವಿಯಲ್ಲಿದೆ. ಈಗ ಊತದಿಂದ ದೂರದಲ್ಲಿ, ಹಲ್ಲಿಗೆ ಹೋಗುವ ನರವನ್ನೇ ಮರಗಟ್ಟಿಸುವ ಬ್ಲಾಕ್ ಕೊಡುತ್ತೇನೆ, ಅದೂ ತೂಕ ನೋಡಿದ ಮೇಲೆ: ಕೆಜಿಗೆ 4.4 ಮಿಲಿಗ್ರಾಂ ಲೆಕ್ಕದಲ್ಲಿ 14 ಕೆಜಿಯ ಮಗುವಿಗೆ ಅರಿವಳಿಕೆ ಮದ್ದಾದ 2% ಲಿಗ್ನೋಕೇನನ್ನು 3 ಮಿಲಿಗೆ ನಿಲ್ಲಿಸಬೇಕು. ಅಳುವ ಮಗುವನ್ನು ಒಲಿಸಿಕೊಳ್ಳುವ ನನ್ನ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ.

ಮನೆಗೆ ಕಳುಹಿಸುವಾಗ ಊತದ ಅಂಚಿಗೆ ಗೆರೆ ಎಳೆದು, ಊತ ಗೆರೆ ದಾಟಿದರೆ ರಾತ್ರಿಯಾದರೂ ಹೊರಡಿ ಎನ್ನುತ್ತೇನೆ. ಬಾಲ್‌ಪೆನ್ನಿನ ಗೆರೆ ಬೆವರಿಗೆ ಅಳಿಸಿಹೋಗುತ್ತಿದ್ದುದರಿಂದ ಮಾರ್ಕರ್ ಹಿಡಿದೆ. ಜೊತೆಯಲ್ಲಿ ಬಂದ ಅಣ್ಣತಮ್ಮಂದಿರ ಆರಂಭದ ಹುಳುಕಿಗೆ ಹುಳುಕು ಮುಂದುವರಿಯದಂತೆ ತಡೆಯುವ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರವ ಹಚ್ಚಿಯೂ ನೋಡಿದೆ. ಹಲ್ಲು ಕಪ್ಪಾಗುವುದರಿಂದ ಎದುರಿಗೆ ಕಾಣುವ ಮುಂಭಾಗದ ಹಲ್ಲಿಗೆ ತಾಯಂದಿರು ಒಪ್ಪಲಿಲ್ಲ, ಹಿಂಭಾಗದ ಹಲ್ಲಿಗೆ ಒಪ್ಪಿದರು.

ಈವರೆಗೆ 60ರ ಆಸುಪಾಸು ಮಕ್ಕಳಾಗಿರಬಹುದು; ಕಿತ್ತ ಮೇಲೂ ಆಸ್ಪತ್ರೆಗೆ ಸೇರಿಸಬೇಕಾದವರು ಮೂವರು. ಗದರಿದ್ದ ಹಿರಿಯರು ಈಗ ಊದಿದ ಕೆನ್ನೆಯ ಮಕ್ಕಳನ್ನು ಅದೇ ದಿನ ನನ್ನಲ್ಲಿಗೆ ಕಳುಹಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಆ ಹುಡುಗಿಯ ತಮ್ಮನೇ ಕೆನ್ನೆ ಊದಿಸಿಕೊಂಡು ಬಂದ. ಹಲ್ಲು ಕಿತ್ತು, 600 ರೂಪಾಯಿಯೊಳಗೆ ಮುಗಿಸಿ, ಸಂಜೆಯ ಬಸ್ಸಿಗೆ ಕಳುಹಿಸಿದೆ. ಮೂರನೇ ದಿನ ಊತ ಗೆರೆಯಿಂದ ಎರಡು ಬೆರಳು ಒಳಗೆ ಸರಿದಿತ್ತು.