ಅಮೆರಿಕದ ಚಳವಳಿಯ ಕಥೆ ಹೇಳುತ್ತಾ ಇಂಗ್ಲಿಷ್ ಕಲಿಯುವುದು ಹೇಗೆ?

ಕಪ್ಪು ಜನರ ಹಕ್ಕಿನ ಹೋರಾಟದ ಮೂಲಕ ಇಂಗ್ಲಿಷ್ ಕಲಿಯೋಣ ಎಂದು ಹೊರಟವರು ಮೊದಲು ಹಿಡಿಯುವುದು ಮಾರ್ಟಿನ್ ಲೂಥರ್ ಕಿಂಗ್ ಅವರ 1963ರ ವಾಷಿಂಗ್ಟನ್ ಭಾಷಣವನ್ನು. ಬಾಯಿಪಾಠವನ್ನೂ ಮಾಡುತ್ತಾರೆ. ಆದರೆ ಅಂದು ಏನಾಯಿತು ಎಂದು ಕೇಳಿದರೆ ಎರಡು ವಾಕ್ಯ ಸ್ವಂತವಾಗಿ ಬರುವುದಿಲ್ಲ. ಅದು ಅದ್ಭುತ ಭಾಷಣ, ನಿಜ. ಆದರೆ ಅಲ್ಲಿ ನೂರು ವರ್ಷಕ್ಕೆ ‘ಫೈವ್ ಸ್ಕೋರ್ ಇಯರ್ಸ್’ ಎಂಬ ಹಳೇ ಮಾತು ಬರುತ್ತದೆ. ದಿನಬಳಕೆಯಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

1. ಒಂದೇ ಘಟನೆ ಆರಿಸಿ. ಮಾಂಟ್‌ಗೊಮೆರಿ ಬಸ್ ಬಹಿಷ್ಕಾರ ಸಾಕು.

2. ಕಥೆಯನ್ನು ಮೊದಲು ಕನ್ನಡದಲ್ಲೇ ತಿಳಿಯಿರಿ. 1955ರ ಡಿಸೆಂಬರ್ 1. ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲಿಲ್ಲ. ಅವರನ್ನು ಬಂಧಿಸಿದರು. ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಬಸ್ಸಿನಲ್ಲಿ ಬಣ್ಣ ನೋಡಿ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

3. ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಎಂಟು ಸಣ್ಣ ವಾಕ್ಯಗಳಾಗಿ ಬರೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

‘ಷಿ ಅರೆಸ್ಟೆಡ್’ ಎಂದು ಬರೆಯುವವರನ್ನು ಬಹಳ ನೋಡಿದ್ದೇನೆ. ಹಾಗೆಂದರೆ ರೋಸಾ ಪಾರ್ಕ್ಸ್ ಯಾರನ್ನೋ ಬಂಧಿಸಿದರು ಎಂದಾಗುತ್ತದೆ. ‘ಷಿ ವಾಸ್ ಅರೆಸ್ಟೆಡ್’ ಎಂದಾಗಲೇ ಸರಿ. ಒಂದು ‘ವಾಸ್’ ಬಿಟ್ಟರೆ ಇತಿಹಾಸವೇ ತಿರುಗಿಬೀಳುತ್ತದೆ. ಅಹಿಂಸೆಯ ಹೋರಾಟದಲ್ಲಿ ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದೇ ಮುಖ್ಯ, ಅಲ್ವಾ? ಹಾಗಾಗಿ ಪ್ರತಿ ವಾಕ್ಯಕ್ಕೂ ಆ ಎರಡು ಪ್ರಶ್ನೆ ಹಾಕಿ.

ಇದೇ ಚಳವಳಿಯ ಇನ್ನೊಂದು ಉದಾಹರಣೆ ನೋಡಿ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಎಂದಿದ್ದ ಊಟದ ಕೌಂಟರ್‌ನಲ್ಲಿ ಕುಳಿತರು. ‘ದೆ ವರ್ ನಾಟ್ ಸರ್ವ್ಡ್. ದೆ ಡಿಡ್ ನಾಟ್ ಲೀವ್.’ ಮೊದಲನೆಯದು ಅವರಿಗೆ ಆದದ್ದು, ಎರಡನೆಯದು ಅವರು ಮಾಡಿದ್ದು. ಈ ಜೋಡಿ ಕೈಗೆ ಹತ್ತಿದರೆ ಅರ್ಧ ವ್ಯಾಕರಣ ಬಂದಂತೆ.

ಉಚ್ಚಾರವನ್ನೂ ಇಲ್ಲೇ ತಿದ್ದಿಕೊಳ್ಳಿ. ‘ವಾಕೆಡ್’, ‘ಮಾರ್ಚೆಡ್’ ತಪ್ಪು. ‘ವಾಕ್ಟ್’, ‘ಮಾರ್ಚ್ಟ್’ ಸರಿ. ಕ್ರಿಯಾಪದ ಟಕಾರ ಅಥವಾ ಡಕಾರದ ಸದ್ದಿನಲ್ಲಿ ಮುಗಿದರೆ ಮಾತ್ರ ಕೊನೆಗೆ ‘ಎಡ್’ ಕೇಳಬೇಕು: ಅರೆಸ್ಟೆಡ್, ಬಾಯ್ಕಾಟೆಡ್.

ಅನುವಾದದ ಆ್ಯಪ್‌ಗೆ ಕನ್ನಡ ವಾಕ್ಯ ಹಾಕಿ ಉತ್ತರ ಇಳಿಸಿಕೊಳ್ಳಬೇಡಿ. ವಾಕ್ಯ ಸರಿಯೇ ಇರಬಹುದು, ಆದರೆ ಅದು ನಿಮ್ಮ ಬಾಯಿಗೆ ಬರುವುದಿಲ್ಲ. ಮೂವತ್ತು ದಿನದಲ್ಲಿ ಇಂಗ್ಲಿಷ್ ಎನ್ನುವ ಪುಸ್ತಕಗಳನ್ನೂ ಸುಮ್ನೆ ಪಕ್ಕಕ್ಕಿಡಿ.

4. ಕೇಳಿ. ಯಂತ್ರದ ದನಿ ಹಾಕಿದ ವಿಡಿಯೊ ಬೇಡವೇ ಬೇಡ. ಚಳವಳಿಯಲ್ಲಿದ್ದವರೇ ಮಾತಾಡಿರುವ ಸಂದರ್ಶನಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿವೆ. ಒಂದೆರಡು ನಿಮಿಷದ ತುಣುಕು ಆರಿಸಿ. ಮೊದಲು ಬರಹ ನೋಡದೆ ಕೇಳಿ, ಆಮೇಲೆ ನೋಡಿಕೊಂಡು ಕೇಳಿ.

5. ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಬರೆದದ್ದನ್ನು ಓದಬೇಡಿ. ಹಾಳೆ ಮಡಚಿಟ್ಟು ಹೇಳಿ.

6. ಜೊತೆಗೊಬ್ಬರನ್ನು ಕೂರಿಸಿಕೊಳ್ಳಿ. ಅಹಿಂಸಾ ಹೋರಾಟದ ತರಬೇತಿ ಕೊಡುತ್ತಿದ್ದ ಪಾದ್ರಿ ಜೇಮ್ಸ್ ಲಾಸನ್ ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳಿಗೆ ಬೈಗುಳ, ತಳ್ಳಾಟ ತಡೆದುಕೊಳ್ಳುವ ಅಭ್ಯಾಸ ಮಾಡಿಸುತ್ತಿದ್ದರು. ಅದನ್ನು ಇಂಗ್ಲಿಷ್ ಕಲಿಕೆಯ ಆಟವಾಗಿ ಆಡಬೇಡಿ. ಆ ಬೈಗುಳ ಯಾರ ಬಾಯಲ್ಲೂ ಬರಬಾರದು. ಒಬ್ಬರು ಪತ್ರಕರ್ತರಾಗಿ, ಇನ್ನೊಬ್ಬರು ದಿನವೂ ಕೆಲಸಕ್ಕೆ ನಡೆದೇ ಹೋದ ಹೆಂಗಸಾಗಿ ಮಾತಾಡಿ. ‘ವೈ ಡಿಡ್ ಯೂ ವಾಕ್?’ ಎಂಬ ಪ್ರಶ್ನೆಯಿಂದ ಶುರು ಮಾಡಿ.

ಮಾಂಟ್‌ಗೊಮೆರಿ ಸಲೀಸಾದ ಮೇಲೆ ಗ್ರೀನ್ಸ್‌ಬರೊ, ಆಮೇಲೆ ಮತದಾನದ ಹಕ್ಕಿಗಾಗಿ ನಡೆದ 1965ರ ಸೆಲ್ಮಾ ನಡಿಗೆ. ವಾಷಿಂಗ್ಟನ್ ಭಾಷಣವನ್ನು ಇವೆಲ್ಲ ಮುಗಿದ ಮೇಲೆ ತೆರೆಯಿರಿ.